‘ಗ್ರ್ಯಾಂಡ್’ ಎಂದರೆ ಎಷ್ಟು?

ಕೆಲವು ತಿಂಗಳ ಹಿಂದೆ ಒಂದು ಸಂಜೆ ನಮ್ಮ ವಾಚನಾಲಯಕ್ಕೆ ಒಬ್ಬ ಹಿರಿಯರು ಬಂದರು. ನಿತ್ಯವೂ ಬರುವವರೇ. ಆ ದಿನ ಮಾತ್ರ ಎಂದಿನಂತೆ ಪತ್ರಿಕೆಗಳ ಮೇಜಿನ ಬಳಿಗೆ ಹೋಗದೆ ನೇರವಾಗಿ ನಿಘಂಟುಗಳ ಕಪಾಟಿನ ಮುಂದೆ ನಿಂತರು. ಇಂಗ್ಲಿಷ್–ಕನ್ನಡ ನಿಘಂಟನ್ನು ಕೆಳಗಿಳಿಸಿ, ಕನ್ನಡಕವನ್ನು ಒರೆಸಿಕೊಂಡು, ಬಹಳ ಹೊತ್ತು ಒಂದೇ ಪುಟವನ್ನು ನೋಡುತ್ತ ಕುಳಿತರು. ಏನು ಹುಡುಕುತ್ತಿದ್ದೀರಿ ಎಂದು ಕೇಳಿದೆ.

“‘ಗ್ರ್ಯಾಂಡ್’ ಎಂಬ ಮಾತಿಗೆ ಅರ್ಥ ನೋಡುತ್ತಿದ್ದೇನೆ ಸ್ವಾಮಿ. ಭವ್ಯ, ಘನವಾದ, ಶ್ರೇಷ್ಠ ಎಂದೆಲ್ಲ ಕೊಟ್ಟಿದ್ದಾರೆ. ಎಷ್ಟು ಎಂಬುದನ್ನು ಮಾತ್ರ ಹೇಳಿಲ್ಲ” ಎಂದರು.

ವಿಚಾರಿಸಲಾಗಿ ಸಂಗತಿ ತಿಳಿಯಿತು. ಅವರ ಮೊಮ್ಮಗಳಿಗೆ ವಿವಾಹ ನಿಶ್ಚಯವಾಗಿತ್ತು. ಬೀಗರು ಒಳ್ಳೆಯ ಜನ. ಕೊಡುವ ತೆಗೆದುಕೊಳ್ಳುವ ಮಾತನ್ನೇ ಎತ್ತಿರಲಿಲ್ಲ. ಹೊರಡುವಾಗ ಮಾತ್ರ ಬಾಗಿಲಲ್ಲಿ ನಿಂತು, “ನಮಗೆ ಏನೂ ಬೇಡ, ಮದುವೆ ಸ್ವಲ್ಪ ಗ್ರ್ಯಾಂಡ್ ಆಗಿ ಆದರೆ ಸಾಕು” ಎಂದು ಹೇಳಿ ಹೋಗಿದ್ದರು. ಆ ಒಂದು ಮಾತು ಎರಡು ವಾರದಿಂದ ಈ ಮನೆಯಲ್ಲಿ ಯಾರನ್ನೂ ನೆಮ್ಮದಿಯಾಗಿ ನಿದ್ದೆ ಮಾಡಗೊಟ್ಟಿರಲಿಲ್ಲ. ಮಗ ಸಾಲಕ್ಕೆ ಅರ್ಜಿ ಬರೆದಿಟ್ಟಿದ್ದ. ಸೊಸೆ ತನ್ನ ಬಳೆಗಳನ್ನು ಎಣಿಸಿ ನೋಡಿದ್ದಳು. ತಾತ ನಿಘಂಟನ್ನು ತೆಗೆದಿದ್ದರು.

ಮೂವರಲ್ಲಿ ತಾತನ ದಾರಿಯೇ ಸರಿಯಾದದ್ದೆಂದು ನನಗೆ ಅಂದೂ ತೋರಿತು, ಇಂದೂ ತೋರುತ್ತದೆ. ಒಂದು ಮಾತಿಗಾಗಿ ಮನೆಯನ್ನು ಅಡವಿಡುವ ಮೊದಲು ಆ ಮಾತಿನ ಅರ್ಥವನ್ನು ನೋಡಿಕೊಳ್ಳುವುದು ಒಳ್ಳೆಯದಲ್ಲವೆ? ಅವರಿಗೆ ಅಂದು ಹೇಳಿದುದನ್ನೂ ಅನಂತರ ಕುಳಿತು ಓದಿಕೊಂಡುದನ್ನೂ ಸೇರಿಸಿ ಈ ಲೇಖನವನ್ನು ವಾಚಕರ ಮುಂದಿಡುತ್ತಿದ್ದೇನೆ.

ಮಾತಿನ ಹುಟ್ಟು

‘ಗ್ರ್ಯಾಂಡ್’ ಎಂಬುದು ಇಂಗ್ಲಿಷಿನ ಸ್ವಂತ ಮಾತಲ್ಲ. ಲ್ಯಾಟಿನ್ ಭಾಷೆಯಲ್ಲಿ ‘ಗ್ರಾಂಡಿಸ್’ ಎಂದರೆ ಪೂರ್ತಿ ಬೆಳೆದದ್ದು, ಬೆಳೆದು ದೊಡ್ಡದಾದದ್ದು. ಆ ಭಾಷೆಯ ಮಕ್ಕಳಲ್ಲಿ ಒಂದಾದ ಫ್ರೆಂಚಿನಲ್ಲಿ ಅದು ‘ದೊಡ್ಡ’ ಎಂಬುದಕ್ಕೆ ದಿನಬಳಕೆಯ ಮಾತಾಯಿತು. ೧೦೬೬ರಲ್ಲಿ ನಾರ್ಮನರು ಇಂಗ್ಲೆಂಡನ್ನು ಗೆದ್ದ ಮೇಲೆ ಅಲ್ಲಿನ ಅರಮನೆಯಲ್ಲಿಯೂ ನ್ಯಾಯಸ್ಥಾನದಲ್ಲಿಯೂ ಬಹುಕಾಲ ಫ್ರೆಂಚೇ ನಡೆಯಿತು. ಹೀಗೆ ಬಂದ ನೂರಾರು ಮಾತುಗಳ ಜೊತೆಗೆ ಇದೂ ಬಂದಿತು.

ಇಂಗ್ಲಿಷರಿಗೆ ಆಗಲೇ ಮನೆಯ ಮಾತೊಂದಿತ್ತು, ಅದು ‘ಗ್ರೇಟ್’. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ದಪ್ಪನೆಯ, ಒರಟಾದ ಎಂಬ ಅರ್ಥವಿತ್ತು. ಹೊರಗಿನಿಂದ, ಅದರಲ್ಲಿಯೂ ದೊರೆಗಳ ಬಾಯಿಂದ, ಬಂದ ಮಾತಿಗೆ ಎತ್ತರದ ಮಣೆ ಹಾಕುವುದು ಲೋಕದ ವಾಡಿಕೆ. ನಮ್ಮಲ್ಲಿಯೂ ಹಾಗೆಯೇ ಅಲ್ಲವೆ? ಮನೆಯಲ್ಲಿ ಮಾಡುವುದು ಊಟ, ಛತ್ರದಲ್ಲಿ ಹಾಕಿಸುವುದು ಭೋಜನ, ಹೋಟೆಲಿನಲ್ಲಿ ಕೊಡುವುದು ಡಿನ್ನರ್. ಅನ್ನ ಒಂದೇ, ಮಣೆಯ ಎತ್ತರ ಬೇರೆ. ‘ಗ್ರ್ಯಾಂಡ್’ ಎಂಬ ಮಾತು ಕೇಳಿದೊಡನೆ ಜನ ಸ್ವಲ್ಪ ನೆಟ್ಟಗೆ ಕುಳಿತುಕೊಳ್ಳುವುದಕ್ಕೆ ಇದು ಮೊದಲನೆಯ ಕಾರಣ.

ಇಂಗ್ಲಿಷ್ ಬಲ್ಲವರು ಮೂರು ಮಾತುಗಳನ್ನು ಮೂರು ಕಡೆ ಇಡುತ್ತಾರೆ. ‘ಬಿಗ್’ ಎಂಬುದು ಬರಿಯ ಅಳತೆ, ಆನೆ ಬಿಗ್. ‘ಗ್ರೇಟ್’ ಎಂಬುದು ಹೆಚ್ಚಾಗಿ ಗುಣದ ಅಥವಾ ಸಾಧನೆಯ ಮಾತು, ಪುರಂದರದಾಸರು ಗ್ರೇಟ್. ‘ಗ್ರ್ಯಾಂಡ್’ ಎಂಬುದು ಕಣ್ಣಿಗೆ ಕಾಣುವ ಹಿರಿಮೆ. ಅಳತೆಯ ಜೊತೆಗೆ ಘನತೆಯೂ ಕೂಡಿರಬೇಕು. ಮೈಸೂರಿನ ಅಂಬಾವಿಲಾಸ ಅರಮನೆ ಗ್ರ್ಯಾಂಡ್. ನಮ್ಮ ಚೆನ್ನೈಯ ಉಚ್ಚ ನ್ಯಾಯಾಲಯದ ಕೆಂಪು ಕಟ್ಟಡವೂ ಗ್ರ್ಯಾಂಡ್. ಎರಡರ ಹೋಲಿಕೆ ಆಕಸ್ಮಿಕವಲ್ಲ. ೧೮೯೨ರಲ್ಲಿ ಇಲ್ಲಿನ ನ್ಯಾಯಾಲಯದ ಕಟ್ಟಡವನ್ನು ಪೂರೈಸಿದ ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಯೇ ೧೮೯೭ರಲ್ಲಿ ಹಳೆಯ ಅರಮನೆ ಸುಟ್ಟುಹೋದ ಮೇಲೆ ಮೈಸೂರಿನ ಹೊಸ ಅರಮನೆಯ ನಕ್ಷೆಯನ್ನೂ ಹಾಕಿದವನು. ಆ ಅರಮನೆ ೧೯೧೨ರಲ್ಲಿ ಮುಗಿಯಿತು.

ಈ ಮಾತಿಗೆ ಇನ್ನೂ ಹಲವು ವೇಷಗಳುಂಟು. ‘ಗ್ರ್ಯಾಂಡ್ ಟೋಟಲ್’ ಎಂದರೆ ಚಿಕ್ಕ ಮೊತ್ತಗಳನ್ನೆಲ್ಲ ಕೂಡಿಸಿದ ಕೊನೆಯ ಮೊತ್ತ. ‘ಗ್ರ್ಯಾಂಡ್ ಫಾದರ್’ ಎಂದರೆ ತಾತ. ಇಲ್ಲಿ ಅದು ಒಂದು ತಲೆಮಾರಿನ ಅಂತರವನ್ನು ಹೇಳುತ್ತದೆ. ಮೊದಲು ಮೇಲಿನ ತಲೆಮಾರಿಗೆ ಸೇರಿದ ಈ ಮಾತನ್ನು ಇಂಗ್ಲಿಷರು ಅನಂತರ ಕೆಳಗಿನ ತಲೆಮಾರಿಗೂ ತಂದರು. ತೊಟ್ಟಿಲಲ್ಲಿ ಮಲಗಿರುವ ಮೊಮ್ಮಗನೂ ‘ಗ್ರ್ಯಾಂಡ್ ಸನ್’ ಆದದ್ದು ಹೀಗೆ. ಮಾತನ್ನು ಸಾಲ ಕೊಟ್ಟ ಫ್ರೆಂಚರು ಈ ತಪ್ಪು ಮಾಡಲಿಲ್ಲ; ಅವರು ಮೊಮ್ಮಗನನ್ನು ‘ಚಿಕ್ಕ ಮಗ’ ಎಂದೇ ಕರೆಯುತ್ತಾರೆ. ಅಮೆರಿಕದ ಆಡುಮಾತಿನಲ್ಲಿ ‘ಒಂದು ಗ್ರ್ಯಾಂಡ್’ ಎಂದರೆ ಒಂದು ಸಾವಿರ ಡಾಲರು. ಐರ್ಲೆಂಡಿನಲ್ಲಿ ಹೇಗಿದ್ದೀರಿ ಎಂದು ಕೇಳಿದರೆ ‘ಗ್ರ್ಯಾಂಡ್’ ಎನ್ನುತ್ತಾರೆ. ಚೆನ್ನಾಗಿದ್ದೇನೆ ಎಂದಷ್ಟೇ ಅದರ ಅರ್ಥ. ಒಂದೇ ಮಾತು ಒಂದು ದೇಶದಲ್ಲಿ ಸಾವಿರ ಡಾಲರು, ಇನ್ನೊಂದು ದೇಶದಲ್ಲಿ ಕುಶಲ ಪ್ರಶ್ನೆಗೆ ಉತ್ತರ. ನಮ್ಮ ಹಿರಿಯರಿಗೆ ನಿಘಂಟಿನಲ್ಲಿ ‘ಎಷ್ಟು’ ಎಂಬುದು ಸಿಕ್ಕದೆ ಹೋದುದರಲ್ಲಿ ಆಶ್ಚರ್ಯವಿಲ್ಲ.

ನಮ್ಮ ಊರಿನ ಗ್ರ್ಯಾಂಡ್‌ಗಳು

ಚೆನ್ನೈಯಲ್ಲಿ ಇರುವವರು ದಿನಕ್ಕೊಮ್ಮೆಯಾದರೂ ಈ ಮಾತನ್ನು ತಿಳಿಯದೆಯೇ ಆಡುತ್ತಾರೆ. ತಾಂಬರಂ ಕಡೆಗೆ ಹೋಗುವ ‘ಜಿ.ಎಸ್.ಟಿ. ರಸ್ತೆ’ಯನ್ನು ತೆಗೆದುಕೊಳ್ಳಿ. ೨೦೧೭ರಲ್ಲಿ ಅದೇ ಅಕ್ಷರಗಳ ತೆರಿಗೆ ಬಂದ ಮೇಲೆ ಹುಡುಗರು ಈ ರಸ್ತೆಗೆ ಹೆಸರು ಬಂದದ್ದು ತೆರಿಗೆಯಿಂದ ಎಂದು ತಿಳಿದಿರುವುದುಂಟು. ಅದು ‘ಗ್ರ್ಯಾಂಡ್ ಸದರ್ನ್ ಟ್ರಂಕ್’ ರಸ್ತೆ. ರೆಡ್ ಹಿಲ್ಸ್ ಮೇಲೆ ಉತ್ತರಕ್ಕೆ ಹೋಗುವುದು ‘ಗ್ರ್ಯಾಂಡ್ ನಾರ್ದರ್ನ್ ಟ್ರಂಕ್’ ರಸ್ತೆ. ಪೂನಮಲ್ಲಿಯ ಮೇಲೆ ಬೆಂಗಳೂರಿನ ಕಡೆಗೆ ಹೋಗುವ ರಸ್ತೆಗೆ ‘ಗ್ರ್ಯಾಂಡ್ ವೆಸ್ಟರ್ನ್ ಟ್ರಂಕ್’ ಎಂಬ ಹೆಸರಿತ್ತು. ನಮ್ಮಲ್ಲಿ ಎಷ್ಟೋ ಮನೆತನಗಳು ಕನ್ನಡ ನಾಡಿನಿಂದ ಈ ಊರಿಗೆ ಬಂದು ಸೇರಿದುದು ಆ ಮೂರನೆಯ ರಸ್ತೆಯಲ್ಲಿಯೇ.

‘ಟ್ರಂಕ್’ ಎಂದರೆ ಇಲ್ಲಿ ಪೆಟ್ಟಿಗೆಯಲ್ಲ, ಮರದ ಕಾಂಡ. ಕಾಂಡದಿಂದ ಕೊಂಬೆಗಳು ಒಡೆಯುವಂತೆ ಯಾವ ರಸ್ತೆಯಿಂದ ಊರೂರಿಗೆ ಕವಲು ರಸ್ತೆಗಳು ಒಡೆಯುತ್ತವೆಯೋ ಅದು ಟ್ರಂಕ್ ರಸ್ತೆ. ಹಿಂದಿನ ‘ಟ್ರಂಕ್ ಕಾಲ್’ ಎಂಬ ಮಾತಿಗೂ ಇದೇ ಮೂಲ. ಈ ರಸ್ತೆಗಳಲ್ಲಿ ಥಳಕು ಏನೂ ಇಲ್ಲ. ಧೂಳು, ಲಾರಿ, ಎತ್ತಿನ ಗಾಡಿ, ಪಾದಚಾರಿ ಎಲ್ಲವನ್ನೂ ಒಂದೇ ಸಮನಾಗಿ ಹೊತ್ತು ದೂರದ ಊರುಗಳನ್ನು ಕೂಡಿಸಿದುದೇ ಅವುಗಳ ಗ್ರ್ಯಾಂಡ್‌ತನ.

ರೈಲಿನ ವಿಷಯವೂ ಹಾಗೆಯೇ. ಇಂದಿಗೂ ಚೆನ್ನೈಯಿಂದ ದೆಹಲಿಗೆ ಹೋಗುವ ಜಿ.ಟಿ. ಎಕ್ಸ್‌ಪ್ರೆಸ್ಸಿನ ಪೂರ್ಣ ಹೆಸರು ‘ಗ್ರ್ಯಾಂಡ್ ಟ್ರಂಕ್ ಎಕ್ಸ್‌ಪ್ರೆಸ್’. ೧೯೨೯ರಲ್ಲಿ ಅದು ಆರಂಭವಾದಾಗ ಓಡಿದುದು ಪೇಶಾವರದಿಂದ ನಮ್ಮ ಮಂಗಳೂರಿಗೆ! ಸಿಂಧೂನದಿಯ ಆಚೆಯಿಂದ ನೇತ್ರಾವತಿಯ ತನಕ ನಾಲ್ಕು ದಿನಗಳಿಗೂ ಮಿಕ್ಕ ಪ್ರಯಾಣ. ಮರದ ಹಲಗೆಯ ಮೇಲೆ ಕುಳಿತು ಅಷ್ಟು ದಿನ ಬಂದವರಿಗೆ ಸುಖವೇನೂ ಸಿಕ್ಕಿರಲಾರದು. ಆದರೆ ಆ ದೂರಕ್ಕೆ ‘ಗ್ರ್ಯಾಂಡ್’ ಎಂಬ ಹೆಸರು ಒಪ್ಪುತ್ತದೆ.

ಎಲ್ಲಕ್ಕಿಂತ ಒಳ್ಳೆಯ ನಿದರ್ಶನ ಕಾವೇರಿಯ ಮೇಲಿದೆ. ಕೊಡಗಿನಲ್ಲಿ ಹುಟ್ಟಿದ ನಮ್ಮ ಕಾವೇರಿಗೆ ತಿರುಚಿರಾಪಳ್ಳಿಯ ಕೆಳಗೆ ಅಡ್ಡಲಾಗಿ ಒಂದು ಕಲ್ಲಿನ ಕಟ್ಟೆ ಇದೆ. ಸುಮಾರು ೧,೮೦೦ ವರ್ಷಗಳ ಹಿಂದೆ ಕರಿಕಾಲ ಚೋಳನು ಕಟ್ಟಿಸಿದನೆಂದು ಪ್ರತೀತಿ. ಇಂಗ್ಲಿಷರು ಅದಕ್ಕೆ ಇಟ್ಟ ಹೆಸರು ‘ಗ್ರ್ಯಾಂಡ್ ಅನಿಕಟ್’. ‘ಅನಿಕಟ್’ ಎಂಬುದು ನಮ್ಮ ‘ಅಣೆಕಟ್ಟು’, ತಮಿಳಿನ ‘ಅಣೈಕ್ಕಟ್ಟು’. ಊರಿನವರು ಮಾತ್ರ ಅಂದಿನಿಂದ ಇಂದಿನವರೆಗೆ ‘ಕಲ್ಲಣೈ’ ಎಂದಷ್ಟೇ ಕರೆಯುತ್ತಾರೆ. ಕಲ್ಲಿನ ಅಣೆ ಎಂದು ಅದರ ಅರ್ಥ. ಉದ್ದ ಸಾವಿರ ಅಡಿಗೆ ಸ್ವಲ್ಪ ಹೆಚ್ಚು, ಎತ್ತರ ಹದಿನೆಂಟು ಅಡಿಯಷ್ಟು. ಮರಳಿನ ತಳದ ಮೇಲೆ ಒರಟು ಕಲ್ಲುಗಳನ್ನು ಒಡ್ಡಿ ಕಟ್ಟಿದ ಕಟ್ಟೆ. ಹತ್ತೊಂಬತ್ತನೆಯ ಶತಮಾನದಲ್ಲಿ ಆರ್ಥರ್ ಕಾಟನ್ ಎಂಬ ಇಂಜಿನಿಯರು ಸಡಿಲ ಮರಳಿನಲ್ಲಿ ಅಡಿಪಾಯ ಹಾಕುವ ಪಾಠವನ್ನು ಇಂಥ ಹಳೆಯ ಕೆಲಸಗಳಿಂದಲೇ ಕಲಿತನು. ಅರಮನೆಯೂ ಅಲ್ಲದ, ಗೋಪುರವೂ ಇಲ್ಲದ ಈ ಕಲ್ಲಿನ ಸಾಲನ್ನು ಕಂಡು ಇಂಗ್ಲಿಷರಿಗೆ ಹೊಳೆದ ಮಾತು ‘ಗ್ರ್ಯಾಂಡ್’ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ನಮಗೆ ಇದು ಬೇಕಾಗುತ್ತದೆ.

ಮನೆಯಲ್ಲಿಯೇ ಇದ್ದ ಮಾತು

ಹಾಗಾದರೆ ಕನ್ನಡದಲ್ಲಿ ಇದಕ್ಕೆ ಸಮನಾದ ಮಾತು ಇಲ್ಲವೆ? ಉಂಟು. ಎಷ್ಟು ಹಳೆಯದೆಂದರೆ, ನಾವು ಅದನ್ನು ಗುರುತಿಸದಷ್ಟು ಹಳೆಯದು.

ಟ್ರಂಕ್ ರಸ್ತೆಯನ್ನು ಕನ್ನಡದಲ್ಲಿ ಏನೆನ್ನುತ್ತೇವೆ? ಹೆದ್ದಾರಿ. ಅರಮನೆಯ ಮುಂದಿನ ಬಾಗಿಲು ಹೆಬ್ಬಾಗಿಲು. ಬೆಳೆದು ನಿಂತ ಮರ ಹೆಮ್ಮರ. ದೊಡ್ಡ ಹುಳುಗಳ ಜೇನು ಹೆಜ್ಜೇನು. ಹಾವುಗಳಲ್ಲಿ ಹೆಬ್ಬಾವು, ಹುಲಿಗಳಲ್ಲಿ ಹೆಬ್ಬುಲಿ, ಬೆರಳುಗಳಲ್ಲಿ ಹೆಬ್ಬೆರಳು. ಊರಿನ ಯಜಮಾನ ಹೆಗ್ಗಡೆ. ಇವುಗಳೆಲ್ಲದರ ತಲೆಯ ಮೇಲೆ ಕುಳಿತಿರುವುದು ಒಂದೇ ಮಾತು. ಹಳಗನ್ನಡದಲ್ಲಿ ಅದು ‘ಪೆರ್’. ಶಾಸನಗಳಲ್ಲಿ ‘ಪೆರ್ಗಡೆ’ ಎಂದು ಕಾಣುವವನೇ ಇಂದಿನ ಹೆಗ್ಗಡೆ. ಕಾಲಕ್ರಮದಲ್ಲಿ ಕನ್ನಡದ ಪಕಾರ ಹಕಾರವಾಯಿತು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪೆರ್ ಎಂಬುದು ಹೆರ್ ಆಗಿ ಮುಂದಿನ ಅಕ್ಷರದಲ್ಲಿ ಕರಗಿತು. ಹಿರಿದು, ಹಿರಿಯ, ಹಿರಿಮೆ, ಹೆಚ್ಚು ಎಂಬ ಮಾತುಗಳೂ ಈ ಬಳಗದವೇ.

ಚೆನ್ನೈಯಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಇದನ್ನು ತೋರಿಸಿಕೊಡುವುದು ಇನ್ನೂ ಸುಲಭ. ತಮಿಳಿನಲ್ಲಿ ಆ ಪಕಾರ ಹಾಗೆಯೇ ಉಳಿದಿದೆ. ಅಲ್ಲಿ ‘ಪೆರಿಯ’ ಎಂದರೆ ನಮ್ಮ ಹಿರಿಯ. ‘ಪೆರಿಯಪ್ಪಾ’ ಎಂದರೆ ನಮ್ಮ ದೊಡ್ಡಪ್ಪ. ತಾಂಬರವನ್ನು ದಾಟಿದರೆ ಸಿಕ್ಕುವ ಪೆರುಂಗಳತ್ತೂರಿನ ಹೆಸರಿನಲ್ಲಿಯೂ ಈ ‘ಪೆರು’ ಇದೆ. ತಂಜಾವೂರಿನಲ್ಲಿ ರಾಜರಾಜ ಚೋಳನು ೧೦೧೦ರ ಹೊತ್ತಿಗೆ ಮುಗಿಸಿದ, ೨೦೦ ಅಡಿಗೂ ಮಿಕ್ಕ ವಿಮಾನವುಳ್ಳ ದೇವಾಲಯವನ್ನು ಜನ ‘ಪೆರಿಯ ಕೋಯಿಲ್’ ಎಂದು ಕರೆಯುತ್ತಾರೆ. ಹಿರಿಯ ಗುಡಿ ಎಂದಷ್ಟೇ.

ಮೇಲೆ ಹೇಳಿದ ಬೆಂಗಳೂರು ರಸ್ತೆಯ ಹೆಸರಿನಲ್ಲಿ ಒಂದು ಸ್ವಾರಸ್ಯವಿದೆ. ನಗರದೊಳಗಿನ ಅದರ ಭಾಗಕ್ಕೆ ೧೯೭೯ರಲ್ಲಿ ಪೆರಿಯಾರ್ ಈ.ವೆ.ರಾ. ಅವರ ಹೆಸರಿಟ್ಟರು. ೨೦೨೧ರಲ್ಲಿ ಫಲಕಗಳ ಮೇಲೆ ‘ಗ್ರ್ಯಾಂಡ್ ವೆಸ್ಟರ್ನ್ ಟ್ರಂಕ್’ ಎಂಬ ಹಳೆಯ ಹೆಸರು ಕಾಣಿಸಿಕೊಂಡಾಗ ಊರಿನಲ್ಲಿ ವಾದವೆದ್ದಿತು. ಆ ವಾದ ನಮ್ಮ ವಿಷಯವಲ್ಲ. ಆದರೆ ‘ಪೆರಿಯಾರ್’ ಎಂಬ ಮಾತಿಗೆ ಹಿರಿಯರು ಎಂದೇ ಅರ್ಥ. ಫಲಕದ ಮೇಲಿಂದ ಇಳಿದ ‘ಗ್ರ್ಯಾಂಡ್’ ಎಂಬ ಮಾತಿನ ಜಾಗದಲ್ಲಿ ಬಂದು ಕುಳಿತುದು ಅದೇ ಅರ್ಥದ ದ್ರಾವಿಡ ಮಾತು!

ಈ ಭಾಷೆಗಳು ಒಂದೇ ಬಳಗದವೆಂಬುದನ್ನು ಮೊದಲು ಅಚ್ಚಿನಲ್ಲಿ ತೋರಿಸಿಕೊಟ್ಟುದೂ ಈ ಊರಿನಲ್ಲಿಯೇ. ಮದರಾಸಿನ ಸೇಂಟ್ ಜಾರ್ಜ್ ಕೋಟೆಯ ಕಾಲೇಜಿನ ಫ್ರಾನ್ಸಿಸ್ ವೈಟ್ ಎಲ್ಲಿಸ್ ಎಂಬುವರು ೧೮೧೬ರಲ್ಲಿ ತೆಲುಗು, ತಮಿಳು, ಕನ್ನಡಗಳ ಧಾತುಗಳನ್ನು ಅಕ್ಕಪಕ್ಕದಲ್ಲಿಟ್ಟು ಇವು ಸಂಸ್ಕೃತದಿಂದ ಹುಟ್ಟಿದವಲ್ಲ, ತಮ್ಮತಮ್ಮಲ್ಲಿ ನಂಟುಳ್ಳವು ಎಂದು ಬರೆದರು. ವಿಲಿಯಂ ರೀವ್ ಅವರ ಇಂಗ್ಲಿಷ್–ಕನ್ನಡ ನಿಘಂಟು ೧೮೨೪ರಲ್ಲಿ ಅಚ್ಚಾದುದೂ ಮದರಾಸಿನಲ್ಲಿಯೇ. ಇಂಗ್ಲಿಷ್ ಮಾತಿಗೆ ಕನ್ನಡದ ಅರ್ಥವೇನೆಂದು ಈ ಊರಿನಲ್ಲಿ ನಿಘಂಟು ತೆರೆದು ಕೇಳಿದವರಲ್ಲಿ ನಮ್ಮ ಹಿರಿಯರು ಮೊದಲಿಗರೇನೂ ಅಲ್ಲ.

ಹೆಬ್ಬೆರಳಿನ ಕಡೆ ಒಮ್ಮೆ ನೋಡಿಕೊಳ್ಳಿ. ಐದು ಬೆರಳುಗಳಲ್ಲಿ ಅದು ಉದ್ದದ್ದಲ್ಲ, ಚೆಂದದ್ದೂ ಅಲ್ಲ, ಉಂಗುರವನ್ನು ಯಾರೂ ಸಾಮಾನ್ಯವಾಗಿ ಅದಕ್ಕೆ ತೊಡಿಸುವುದಿಲ್ಲ. ಆದರೂ ‘ಹೆಬ್’ ಎಂಬ ಬಿರುದು ಅದಕ್ಕೇ. ಅದಿಲ್ಲದೆ ಕೈ ಏನನ್ನೂ ಹಿಡಿಯಲಾರದು. ದ್ರೋಣರು ಏಕಲವ್ಯನಲ್ಲಿ ಉಂಗುರದ ಬೆರಳನ್ನು ಕೇಳಲಿಲ್ಲ. ಕನ್ನಡದ ಹಿರಿಮೆ ಎಂಬ ಮಾತಿನೊಳಗೆ ಈ ವಿವೇಕ ಅಡಗಿದೆ.

‘ಸಿಂಪಲ್’ ಎಂಬ ಎದುರಾಳಿ

ಈಗ ನಮ್ಮ ಇಂದಿನ ಬಳಕೆಗೆ ಬರೋಣ. ಚೆನ್ನೈಯ ಸೀರೆ ಅಂಗಡಿಗೆ ಹೋದರೆ ಕೇಳುವ ಮೊದಲ ಪ್ರಶ್ನೆ, “ಗ್ರ್ಯಾಂಡಾ, ಸಿಂಪಲ್ಲಾ?” ಎಂದು. ತಮಿಳರಿಗೂ ತೆಲುಗರಿಗೂ ಕನ್ನಡಿಗರಿಗೂ ಒಂದೇ ಪ್ರಶ್ನೆ. ಗ್ರ್ಯಾಂಡ್ ಎಂದರೆ ಜರಿ ಹೆಚ್ಚು, ಬೆಲೆ ಹೆಚ್ಚು. ಸಿಂಪಲ್ ಎಂದರೆ ಜರಿ ಕಡಿಮೆ, ಬೆಲೆ ಕಡಿಮೆ. ಇದೇ ಜೋಡಿ ಸೀರೆಯ ಅಂಗಡಿಯಿಂದ ಹೊರಟು ಕಲ್ಯಾಣಮಂಟಪಕ್ಕೆ, ಗೃಹಪ್ರವೇಶಕ್ಕೆ, ಉಪನಯನಕ್ಕೆ, ಮಗುವಿನ ಹುಟ್ಟುಹಬ್ಬಕ್ಕೆ ಬಂದಿದೆ. ಮಾಡಿದರೆ ಗ್ರ್ಯಾಂಡ್, ಇಲ್ಲವಾದರೆ ಸಿಂಪಲ್. ‘ಪಾಪ, ಸಿಂಪಲ್ಲಾಗಿ ಮಾಡಿಬಿಟ್ಟರು’ ಎಂಬ ಮಾತಿನಲ್ಲಿ ಆ ‘ಪಾಪ’ ಎಂಬುದನ್ನು ಗಮನಿಸಬೇಕು.

ತಪ್ಪು ಇರುವುದು ಇಲ್ಲಿಯೇ. ಇಂಗ್ಲಿಷಿನಲ್ಲಿ ಗ್ರ್ಯಾಂಡ್ ಎಂಬುದಕ್ಕೆ ಸಿಂಪಲ್ ಎಂಬುದು ವಿರುದ್ಧ ಪದವಲ್ಲ. ಒಂದೇ ವಸ್ತು ಏಕಕಾಲದಲ್ಲಿ ಎರಡೂ ಆಗಿರಬಲ್ಲುದು. ಸಾಕ್ಷಿ ಬೇಕಾದರೆ ಶ್ರವಣಬೆಳಗೊಳದ ಬೆಟ್ಟವನ್ನು ಹತ್ತಿ ನೋಡಿ. ಚಾವುಂಡರಾಯನು ಹತ್ತನೆಯ ಶತಮಾನದ ಕೊನೆಯಲ್ಲಿ ನಿಲ್ಲಿಸಿದ, ಸುಮಾರು ೫೮ ಅಡಿ ಎತ್ತರದ ಗೊಮ್ಮಟನ ಮೈಮೇಲೆ ಒಂದು ಎಳೆ ಜರಿ ಇಲ್ಲ. ಜರಿಯ ಮಾತಿರಲಿ, ಒಂದು ಎಳೆ ನೂಲೂ ಇಲ್ಲ. ರಾಜ್ಯವನ್ನು ಗೆದ್ದು ಬಿಟ್ಟುಕೊಟ್ಟವನು ಅವನು. ಆ ವಿಗ್ರಹಕ್ಕಿಂತ ಸಿಂಪಲ್ ಆದದ್ದೂ ಇಲ್ಲ, ಗ್ರ್ಯಾಂಡ್ ಆದದ್ದೂ ಇಲ್ಲ. ನಾವು ಗ್ರ್ಯಾಂಡ್ ಎಂಬುದಕ್ಕೆ ಕೊಡುವ ‘ಭವ್ಯ’ ಎಂಬ ಅರ್ಥ ಇಲ್ಲಿ ಬಹಳ ಚೆನ್ನಾಗಿ ಒಪ್ಪುತ್ತದೆ. ಜೈನ ಗ್ರಂಥಗಳಲ್ಲಿ ‘ಭವ್ಯ’ ಎಂದರೆ ಮೋಕ್ಷಕ್ಕೆ ಯೋಗ್ಯನಾದ ಜೀವ. ಬೆಲೆಯ ಚೀಟಿ ಅಂಟಿಸಲು ಆ ಮಾತಿನಲ್ಲಿ ಜಾಗವೇ ಇಲ್ಲ. ಕಲ್ಲಣೆಯ ಒರಟು ಕಲ್ಲುಗಳೂ ಇದನ್ನೇ ಹೇಳುತ್ತವೆ.

ಚದುರಂಗದ ‘ಗ್ರ್ಯಾಂಡ್‌ಮಾಸ್ಟರ್’ ಪದವಿಯನ್ನು ನೋಡಿ. ೧೯೮೮ರಲ್ಲಿ ನಮ್ಮ ಚೆನ್ನೈಯ ವಿಶ್ವನಾಥನ್ ಆನಂದ್ ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ಕರ್ನಾಟಕಕ್ಕೆ ಆ ಪದವಿ ೨೦೧೭ರಲ್ಲಿ ಮೈಸೂರಿನ ತೇಜಕುಮಾರ್ ಅವರಿಂದ ಬಂದಿತು. ಇಂದಿನ ನಿಯಮದ ಪ್ರಕಾರ ಆಟಗಾರನು ೨,೫೦೦ ಅಂಕಗಳ ಮಟ್ಟವನ್ನು ಮುಟ್ಟಬೇಕು. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಸಾಮಾನ್ಯವಾಗಿ ಮೂರು ಸಲ ಗೊತ್ತಾದ ಮಟ್ಟದ ಸಾಧನೆ ತೋರಿಸಬೇಕು. ಈ ಗ್ರ್ಯಾಂಡ್‌ತನವನ್ನು ಸಾಲ ತೆಗೆದು ತರುವುದಕ್ಕೆ ಆಗುವುದಿಲ್ಲ.

ಹಾಗೆಂದು ಸಡಗರವೇ ಕೂಡದೆಂದು ನಾನು ಹೇಳುವುದಿಲ್ಲ. ಸಡಗರಕ್ಕೂ ಕನ್ನಡದಲ್ಲಿ ಮಾತುಗಳಿವೆ. ಒಂದೊಂದಕ್ಕೂ ತನ್ನ ತೂಕವಿದೆ. ‘ವೈಭವ’ ಎಂದರೆ ಸಂಪತ್ತಿನ ಮತ್ತು ಅಧಿಕಾರದ ಬೆಡಗು. ದಸರೆಗೆ ಅದು ಸಲ್ಲುತ್ತದೆ. ‘ಅದ್ಧೂರಿ’ ಎಂದರೆ ಕೈಬಿಚ್ಚಿ ಖರ್ಚು ಮಾಡಿದುದು. ‘ಭರ್ಜರಿ’ಯಲ್ಲಿ ಜರಿಯ ಮಿನುಗಿದೆ, ಮರಾಠಿಯಲ್ಲಿ ‘ಭರಜರಿ’ ಎಂದರೆ ಜರತಾರಿ ತುಂಬಿದ ವಸ್ತ್ರ. ‘ಜೋರು’ ಎಂಬುದು ಪಾರಸಿ ಮಾತು. ಬಲ, ರಭಸ ಎಂದರ್ಥ. ‘ಘನ’ ಎಂದರೆ ಒಳಗೆ ಟೊಳ್ಳಿಲ್ಲದ್ದು, ಅದರಿಂದಲೇ ಘನತೆ. ‘ಗಂಭೀರ’ ಎಂದರೆ ಆಳವಾದದ್ದು; ಇಲ್ಲಿ ಹಿರಿಮೆಯನ್ನು ಎತ್ತರದಿಂದ ಅಳೆಯದೆ ಆಳದಿಂದ ಅಳೆದಿದ್ದಾರೆ. ಈ ಎಲ್ಲ ಮಾತುಗಳೂ ಮಾಡಬೇಕಾದ ಕೆಲಸವನ್ನು ಒಂದೇ ‘ಗ್ರ್ಯಾಂಡ್’ ಎಂಬ ಮಾತಿನ ಹೆಗಲ ಮೇಲೆ ಹೊರಿಸಿದರೆ ಹೇಳಿದವನ ಮನಸ್ಸಿನಲ್ಲಿ ಒಂದಿರುತ್ತದೆ, ಕೇಳಿದವನಿಗೆ ಇನ್ನೊಂದು ಕೇಳಿಸುತ್ತದೆ.

ಹಿರಿಮೆಯ ಮಾತುಗಳು ಬಹುಬೇಗ ಸವೆಯುತ್ತವೆ ಎಂಬುದೂ ನಿಜ. ಭಯಭಕ್ತಿ ಹುಟ್ಟಿಸುವ ವಸ್ತುವಿಗೆ ಇಂಗ್ಲಿಷಿನಲ್ಲಿ ‘ಆಸಂ’ ಎನ್ನುತ್ತಿದ್ದರು. ಇಂದು ನಮ್ಮ ಹುಡುಗರು ಮಸಾಲೆದೋಸೆಗೂ ಅದನ್ನೇ ಅನ್ನುತ್ತಾರೆ. ಗಟ್ಟಿ, ಕಠಿಣ ಎಂಬರ್ಥದ ಪಾರಸಿ ಮಾತಾದ ‘ಸಖತ್’ ಕನ್ನಡದಲ್ಲಿ ಮೆಚ್ಚುಗೆಯ ಉದ್ಗಾರವಾಯಿತು. ಇದಕ್ಕೆ ಕೋಪಿಸಿಕೊಂಡು ಫಲವಿಲ್ಲ. ದೋಸೆಯನ್ನು ಹೊಗಳಿದರೆ ಯಾರಿಗೂ ನಷ್ಟವಿಲ್ಲ. ಆದರೆ ಸವೆದ ನಾಣ್ಯದಿಂದ ಮದುವೆಯ ವ್ಯವಹಾರ ನಡೆಸಹೊರಟಾಗ ಮಾತ್ರ ಎಚ್ಚರ ಬೇಕು.

ಕೇಳಿದರೆ ತಿಳಿಯುತ್ತದೆ

ಅಂದು ಹಿರಿಯರಿಗೆ ನಾನು ಇಷ್ಟೆಲ್ಲವನ್ನೂ ಹೇಳಲಿಲ್ಲ. ಹೇಳಿದುದು ಇಷ್ಟು: “ಈ ಮಾತಿಗೆ ಎಷ್ಟು ಎಂಬುದು ನಿಘಂಟಿನಲ್ಲಿ ಸಿಕ್ಕುವುದಿಲ್ಲ. ಆಡಿದವರ ಮನಸ್ಸಿನಲ್ಲಿ ಸಿಕ್ಕಬಹುದು. ಬೀಗರನ್ನೇ ಕೇಳಿ, ಆದರೆ ಕನ್ನಡದಲ್ಲಿ ಕೇಳಿ.”

ಅವರು ಬಹಳ ಸಂಕೋಚಪಟ್ಟರು. ಹೆಣ್ಣಿನ ಕಡೆಯವರು ಹಾಗೆ ಕೇಳಬಹುದೆ, ಕೈಲಾಗದವರೆಂದು ತಿಳಿದುಕೊಂಡರೆ ಏನು ಗತಿ ಎಂದರು. ಮೂರು ದಿನ ಕಳೆದು ಧೈರ್ಯ ಮಾಡಿ ದೂರವಾಣಿಯಲ್ಲಿ ಮಾತನಾಡಿದರಂತೆ. ಫೋನು ಎತ್ತಿದವರು ವರನ ಅಜ್ಜಿ. “ಅಮ್ಮಾ, ಮದುವೆ ಗ್ರ್ಯಾಂಡ್ ಆಗಿ ಆಗಬೇಕೆಂದು ತಾವು ಹೇಳಿದಿರಿ. ಯಾವ ಯಾವುದು ಹೇಗೆ ಹೇಗೆ ನಡೆಯಬೇಕೆಂದು ಬಿಡಿಸಿ ಹೇಳಿದರೆ ನಮಗೆ ಅನುಕೂಲ” ಎಂದು ಇವರು ಕೇಳಿದರು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ ಉತ್ತರವನ್ನು ಅವರು ಮರುದಿನ ವಾಚನಾಲಯಕ್ಕೆ ಬಂದು ನಮಗೆ ಒಪ್ಪಿಸಿದರು.

ಆ ಮನೆಯಲ್ಲಿ ಹಿಂದಿನ ಎರಡು ಮದುವೆಗಳೂ ಒಂದು ಕೊರೊನಾ ಕಾಲದಲ್ಲಿ, ಇನ್ನೊಂದು ಸಾವಿನ ಸೂತಕದ ವರ್ಷದಲ್ಲಿ, ಹತ್ತಿಪ್ಪತ್ತು ಜನರ ಮುಂದೆ ಸದ್ದಿಲ್ಲದೆ ಮುಗಿದಿದ್ದವಂತೆ. ಈ ಸಲ ನಂಟರಿಷ್ಟರೆಲ್ಲ ಸೇರಬೇಕು. ಧಾರೆಯ ಹೊತ್ತಿಗೆ ನಾಗಸ್ವರ ಇರಬೇಕು. ಬಂದವರೆಲ್ಲ ಕುಳಿತು ಎಲೆಯ ಮೇಲೆ ಊಟ ಮಾಡಬೇಕು. ಯಾರನ್ನೂ ನಿಂತುಕೊಂಡು ತಟ್ಟೆ ಹಿಡಿದು ಉಣ್ಣುವಂತೆ ಮಾಡಬಾರದು. ಆಕೆಯ ‘ಗ್ರ್ಯಾಂಡ್’ ಎಂದರೆ ಇಷ್ಟೇ. ಹೂವಿನ ಕಮಾನು, ದೀಪದ ಗೋಡೆ, ಹತ್ತು ಬಗೆಯ ಐಸ್‌ಕ್ರೀಮು, ಇವು ಯಾವುವೂ ಅದರಲ್ಲಿ ಇ಍ರಲೇ ಇಲ್ಲ. ಅವೆಲ್ಲವನ್ನೂ ಆ ಮಾತಿನೊಳಗೆ ತುಂಬಿದವರು ಕೇಳಿದವರೇ ಹೊರತು ಹೇಳಿದವರಲ್ಲ.

ಸಾಲದ ಅರ್ಜಿ ಹರಿದು ಬುಟ್ಟಿಗೆ ಹೋಯಿತು. ಬಳೆಗಳು ಕೈಯಲ್ಲಿಯೇ ಉಳಿದವು. ಮದುವೆ ನಡೆಯಿತು, ನನಗೂ ಆಹ್ವಾನವಿತ್ತು. ಚಿಕ್ಕ ಛತ್ರ, ತುಂಬಿದ ಜನ. ಪಂಕ್ತಿಯ ನಡುವೆ ಆ ಅಜ್ಜಿ ತಾವೇ ತುಪ್ಪದ ಗಿಂಡಿ ಹಿಡಿದುಕೊಂಡು, ಒಬ್ಬೊಬ್ಬರನ್ನೂ ಹೆಸರು ಹಿಡಿದು ವಿಚಾರಿಸಿ, ಬಡಿಸುತ್ತ ಬಂದರು. ನನ್ನ ಪಕ್ಕದಲ್ಲಿ ಕುಳಿತಿದ್ದ ನಮ್ಮ ಹಿರಿಯರು ಮೆಲ್ಲನೆ ನನ್ನ ಕಡೆ ಬಾಗಿ, “ಹೇಗಿದೆ ಸ್ವಾಮಿ?” ಎಂದರು. ಬಾಯಿಗೆ ಬಂದ ಇಂಗ್ಲಿಷ್ ಮಾತನ್ನು ತಡೆದುಕೊಂಡು, “ಹಿರಿದಾಗಿದೆ” ಎಂದೆ. ಅವರಿಗೆ ಆ ಮಾತು ಸಾಕಾಯಿತೆಂದು ತೋರುತ್ತದೆ.

ಗ್ರ್ಯಾಂಡ್ ಆದ ಎಲ್ಲ ಕಾರ್ಯಗಳಿಗೂ ಕೊನೆಯಲ್ಲಿ ಒಂದು ಗ್ರ್ಯಾಂಡ್ ಟೋಟಲ್ ಇರುತ್ತದೆ. ಅದನ್ನು ತೆರುವವರು ಯಾರು, ಎಷ್ಟು ವರ್ಷ ಎಂಬುದನ್ನು ಮಾತು ಆಡುವ ಮೊದಲೇ ಯೋಚಿಸುವುದು ಗಂಡಿನ ಕಡೆಯವರಿಗೂ ಹೆಣ್ಣಿನ ಕಡೆಯವರಿಗೂ ಕ್ಷೇಮ. ಮಾತು ಕಿವಿಗೆ ಬಿದ್ದ ಮೇಲೆ ಸಂದೇಹ ಉಳಿದರೆ ಕೇಳಿಬಿಡುವುದು ಇನ್ನೂ ಕ್ಷೇಮ. ಕೇಳುವುದಕ್ಕೆ ಮೊದಲು ಅರ್ಥ ನೋಡಿಕೊಳ್ಳಬೇಕೆನಿಸಿದವರಿಗೆ ನಮ್ಮ ವಾಚನಾಲಯದ ನಿಘಂಟುಗಳ ಕಪಾಟು ತೆರೆದೇ ಇರುತ್ತದೆ. ಅದಕ್ಕೆ ಶುಲ್ಕವಿಲ್ಲ.